ಹತ್ತೊಂಬತ್ತನೆಯ ಮೆಟ್ಟಿಲು

ಫೆಲ್ಥಮ್‌ನ ಅಡಿವೆಪ್ಪ ಅಂಬಿಗೇರ ವಿಮಾನಗಳಿಗೆ ಸಾಮಾನು ತುಂಬುವ ಕೆಲಸದಲ್ಲಿದ್ದರು. ಹೆಂಡತಿ ರತ್ನಾಬಾಯಿಗೆ ಲಂಡನ್ನಿನಲ್ಲಿ ನರ್ಸ್ ಕೆಲಸ ಸಿಕ್ಕಾಗ, 1991ರಲ್ಲಿ, ಜೊತೆಗೆ ಬಂದವರು. ಹನ್ನೊಂದು ವರ್ಷ ಅವರು ಯಾರನ್ನೂ ಕಂಡು ಕರುಬಿರಲಿಲ್ಲ. 2002ರ ಮಾರ್ಚ್‌ನಲ್ಲಿ ಅದು ಶುರುವಾಯಿತು.

ಕೆಂಟನ್‌ನ ಒಂದು ಹಾಲ್‌ನಲ್ಲಿ ಕನ್ನಡದವರು ತಿಂಗಳಿಗೊಮ್ಮೆ ಸೇರುತ್ತಿದ್ದರು. ಅಂದು ಕೃಷ್ಣಪ್ರಸಾದ ಎಂಬ ಬೆಂಗಳೂರಿನ ಇಂಜಿನಿಯರ್ ತಾವು ಮೂರು ವರ್ಷ ಇದ್ದ ಊರಿನ ಸ್ಲೈಡ್ ತೋರಿಸಿದರು. ಆಸ್ಟ್ರೇಲಿಯದ ಒಳನಾಡಿನಲ್ಲಿ, ಡಾರ್ಲಿಂಗ್ ನದಿಯ ದಂಡೆಯ ಊರು; ದೊಡ್ಡ ಪೇಟೆಗೆ ಹೋಗಲು ಕಾರಿನಲ್ಲಿ ನಾಲ್ಕು ತಾಸು. ಕೆಂಪು ಮಣ್ಣು, ಕೆಸರಿನ ಬಣ್ಣದ ನೀರು. ಹಿಂದೆ ಉಗಿದೋಣಿಗಳು ಅಲ್ಲಿಂದ ಉಣ್ಣೆಯ ಮೂಟೆ ಒಯ್ಯುತ್ತಿದ್ದವು. ನೀರು ಏರಿದರೂ ಇಳಿದರೂ ಹೇರಲು ಬರಲೆಂದು ಮರದ ಕಟ್ಟೆಯನ್ನು ಮೂರು ಅಂತಸ್ತಿನಲ್ಲಿ ಕಟ್ಟಿದ್ದರು. ಜನ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು.

ಅಡಿವೆಪ್ಪನವರ ಊರೂ ನದಿಯದೇ. ಕೃಷ್ಣೆಯ ದಂಡೆ, ದಿನಕ್ಕೊಂದು ಬಸ್ಸು, ಸುತ್ತ ಎರೆ ಹೊಲ. ಅದರ ಬಗ್ಗೆ ಈ ಹಾಲ್‌ನಲ್ಲಿ ಯಾರೂ ಒಂದು ಮಾತು ಕೇಳಿರಲಿಲ್ಲ.

"ಮೂರು ವರ್ಷ ಇದ್ದು ಬಂದು ನಮ್ಮೂರು, ನಮ್ಮೂರು ಅಂತಾನ," ಎಂದರು ಮನೆಗೆ ಬಂದು.

"ಹೊಟ್ಟಿ ಉರ್ಕೊಂಡು ಏನ್ ಮಾಡ್ತೀರಿ? ಮುಂದಿನ ತಿಂಗಳಾ ನೀವೂ ಹೇಳ್ರಿ," ಎಂದರು ರತ್ನಾಬಾಯಿ.

"ಅವನ ಹತ್ರ ಫೋಟೋ ಅದಾವ. ನನ್ನ ಹತ್ರ ಏನೈತಿ? ಊರಾ ಇಲ್ಲ."

ಊರು ಎರಡು ವರ್ಷದ ಹಿಂದೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಆದರೂ ಏಪ್ರಿಲ್‌ನಲ್ಲಿ ಅವರು ಹೇಳಲು ಎದ್ದು ನಿಂತರು.

ಹೊಳೆಗೆ ಇಪ್ಪತ್ತನಾಲ್ಕು ಕಲ್ಲಿನ ಮೆಟ್ಟಿಲು ಇದ್ದವು. ಅಪ್ಪ ಹರಿಗೋಲು ನಡೆಸುತ್ತಿದ್ದ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಕೆಳಗಿನಿಂದ ಎಣಿಸಿ, ನೀರು ಎಷ್ಟನೆಯ ಮೆಟ್ಟಿಲಿಗೆ ಬಂದಿದೆ ಎಂದು ನೋಡಿ ಕೂಗಿ ಹೇಳುತ್ತಿದ್ದ. ಹನ್ನೆರಡು ದಾಟಿದರೆ ಹರಿಗೋಲು ಇಲ್ಲ. ಬಸುರಿಯರು, ಸಂತೆಯವರು, ಮದುವೆಯವರು, ಎಲ್ಲರೂ ಆ ಕೂಗಿನ ಮೇಲೆಯೇ ಹೊರಡುವುದು, ಉಳಿಯುವುದು.

ಹಾಲ್ ಸದ್ದಿಲ್ಲದೆ ಕೇಳುತ್ತಿತ್ತು. ಅಡಿವೆಪ್ಪನವರ ಕಣ್ಣು ಮುಂದಿನ ಸಾಲಿನ ಕೃಷ್ಣಪ್ರಸಾದರ ಮೇಲೆ ಬಿತ್ತು. ಆ ಮೂರು ಅಂತಸ್ತಿನ ಕಟ್ಟೆ ನೆನಪಾಯಿತು.

"ನಾ ಹತ್ತು ವರ್ಷದವ ಇದ್ದಾಗ ನೀರು ಇಪ್ಪತ್ತೆರಡನೇ ಮೆಟ್ಟಲಕ್ಕ ಬಂದಿತ್ತು," ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ರತ್ನಾಬಾಯಿ ತಟ್ಟಲಿಲ್ಲ. ಆಕೆಯೂ ಅದೇ ಊರಿನವರು.

ಚಹಾದ ಹೊತ್ತಿಗೆ ಆಕೆ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಕೇಳಿದರು: "ಹೆಚ್ಚಿಗಿ ಮೂರು ಮೆಟ್ಟಲ ನೀರು ಯಾವಾಗ ಹತ್ತಿತ್ತು?"

"ಸುಮ್ನಿರು. ಊರಾ ನೀರಾಗೈತಿ, ಯಾರು ಎಣಸಾಕ ಹೊಕ್ಕಾರ?"

"ನಿಮ್ಮಪ್ಪ ಎಣಸ್ತಿದ್ದ."

ಅಷ್ಟರಲ್ಲಿ ಕೃಷ್ಣಪ್ರಸಾದ ಪುಟ್ಟ ಪುಸ್ತಕ, ಪೆನ್ನು ಹಿಡಿದು ಬಂದರು. "ಅಡಿವೆಪ್ಪನವರೇ, ನನ್ನ ಸ್ಲೈಡ್ ಎಲ್ಲ ಇದರ ಮುಂದೆ ಸಪ್ಪೆ ಬಿಡಿ. ಒಂದು ಮೆಟ್ಟಿಲು ಎಷ್ಟು ಎತ್ತರ ಇತ್ತು? ಇಪ್ಪತ್ತೆರಡು ಅಂತ ಬರ್ಕೊಂಡಿದೀನಿ."

ಬೇಕಾಗಿದ್ದುದು ಇದೇ ಮಾತು. ಆದರೆ ಆ ಪುಸ್ತಕದಲ್ಲಿ ಊರಿನ ಅಂಕಿ ಬರೆದಿತ್ತು. ಇನ್ನು ಊರು ಇರುವುದು ಇಂಥ ಕಡೆ ಮಾತ್ರ. ಅಪ್ಪ ಒಂದು ದಿನವೂ ಒಂದು ಮೆಟ್ಟಿಲು ಹೆಚ್ಚು ಕಡಿಮೆ ಕೂಗಿರಲಿಲ್ಲ.

"ಅದನ್ನ ಹೊಡದು ಹಾಕ್ರಿ ಸರ," ಎಂದರು ಅಡಿವೆಪ್ಪ. "ಹತ್ತೊಂಬತ್ತು."

"ಮತ್ತೆ ಆಗ ಇಪ್ಪತ್ತೆರಡು ಅಂದ್ರಲ್ಲ?"

"ನಿಮ್ಮ ಕಟ್ಟೆ ನೋಡಿ ಹೊಟ್ಟೆಕಿಚ್ಚಿಗೆ ಅಂದೆ. ನಮ್ಮಪ್ಪನ ಲೆಕ್ಕ ಹತ್ತೊಂಬತ್ತು. ಮೆಟ್ಟಲಕ್ಕ ಒಂದು ಗೇಣು ಎತ್ತರ."

ಕೃಷ್ಣಪ್ರಸಾದ ನಗಲಿಲ್ಲ. ಇಪ್ಪತ್ತೆರಡನ್ನು ಹೊಡೆದು ಹಾಕಿ, ಹತ್ತೊಂಬತ್ತು ಎಂದು ಬರೆದು, ಪುಟವನ್ನು ತಿರುಗಿಸಿ ತೋರಿಸಿದರು.

ಮನೆಗೆ ಹೋಗುವ ಬಸ್ಸಿನಲ್ಲಿ ಅಡಿವೆಪ್ಪ ಕಿಟಕಿಯ ಕಡೆ ನೋಡುತ್ತಲೇ ಅಂದರು: "ಏನಾ ಅನ್ನು, ಅವನ ಕಟ್ಟೆ ಇನ್ನೂ ನಿಂತೈತಿ."

ರತ್ನಾಬಾಯಿ ಅವರ ಕೈಯ ಮೇಲೆ ಕೈ ಇಟ್ಟರು. "ಹೌದ್ರಿ," ಎಂದರು.