ಕಿವಿಯಕ್ಕ ಬಚ್ಚಿಟ್ಟುಕೊಂಡ ವಿದ್ಯೆ

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ಹಿಂಬಾಗಿಲ ಪಕ್ಕದ ಪುಟ್ಟ ಕೋಣೆಯಲ್ಲಿ ಮಧ್ಯವಯಸ್ಸಿನ ಹೆಂಗಸೊಬ್ಬರು ಶ್ರವಣಯಂತ್ರದ ಸಣ್ಣ ರಂಧ್ರದಿಂದ ಕಿವಿಯ ಗುಗ್ಗೆ ತೆಗೆಯುತ್ತಿದ್ದಾರೆ. ಆಮೇಲೆ ಅದನ್ನು ಹಳೆಯ ಕಂಪ್ಯೂಟರಿಗೆ ಸಿಕ್ಕಿಸಿ, ಯಾವ ದನಿ ಏರಬೇಕು, ಯಾವುದು ಇಳಿಯಬೇಕು ಎಂದು ಹೊಂದಿಸುತ್ತಾರೆ. ಬಾಗಿಲಲ್ಲಿ ಕಾಯುವವರಿಗೆ ಇವರು ‘ಕಿವಿಯಕ್ಕ’.

ಹೊಂದಿಸುವ ಸಾಫ್ಟ್‌ವೇರನ್ನು ಕಂಪನಿಗಳು ತಮ್ಮ ಏಜೆಂಟರಿಗೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ. ಏಜೆಂಟರ ಬಳಿ ಅಲೆದು ಸೋತವರನ್ನು ನೋಡಲಾರದೆ ಕಿವಿಯಕ್ಕ ವರ್ಷಗಟ್ಟಲೆ ತಿಣುಕಿ ತಾವೇ ಒಂದನ್ನು ಬರೆದರು. “ಬೀಗ ಹಾಕವ್ರೆ ಅಂತ ಕಂಪನೀನ ಬೈದೋಳು ನಾನೇ. ಕೀಲಿಕೈ ಸಿಕ್ಕಿದ್ಮೇಲೆ ನಾನೂ ಬೀಗಾನೇ ಹಾಕ್ದೆ” ಎನ್ನುತ್ತಾರೆ.

ಬೇರೆ ಊರಲ್ಲಿ ಇದೇ ಕಸುಬು ಮಾಡುವ ತಂಗಿಗೆ ಮಾತ್ರ ಒಂದು ಪ್ರತಿ ಕೊಟ್ಟಿದ್ದರು. “ಅಕ್ಕಾ, ಬೇಕಾದೋರು ತಿದ್ಕೊಳ್ಳೋ ಹಾಗೆ ಎಲ್ರಿಗೂ ಬಿಟ್ಟಿಯಾಗಿ ಕೊಡ್ಲಾ?” ಎಂದು ತಂಗಿ ಕೇಳಿದಾಗ, ಯಾರು ತಗೊಳ್ತಾರೆ ಎಂಬ ತಾತ್ಸಾರದಲ್ಲಿ ಹೂಂ ಅಂದರು. ಜನ ಮುಗಿಬಿದ್ದು ತಗೊಂಡರು. ಹೊಗಳಿಕೆಯೆಲ್ಲ ತಂಗಿಯ ಪಾಲಾಯಿತು.

“ನನ್ನ ಹೆಸರು ಹಾಕಿದ್ಲು, ಸುಳ್ಳು ಹೇಳಬಾರ್ದು. ಓದೋರು ಯಾರು? ಅಡುಗೆ ಮಾಡಿದೋಳು ಒಳಗೆ, ಬಡಿಸೋ ಕೈಗೆ ಹೊಗಳಿಕೆ.” ತಂಗಿಯ ಫೋನ್ ಬಂದರೆ ಎತ್ತುವುದನ್ನೇ ಬಿಟ್ಟರು. ಇನ್ನೊಂದು ಗುಟ್ಟೂ ಇತ್ತು: ಯಂತ್ರ ಕುಯ್ಯೆಂದು ಶಿಳ್ಳೆ ಹಾಕದಂತೆ ತಡೆಯುವ ಭಾಗವನ್ನು ಆ ಪ್ರತಿಯಿಂದ ಬೇಕೆಂದೇ ಕಿತ್ತು, ಉಳಿದದ್ದನ್ನು ಕೊಟ್ಟಿದ್ದರು. ತಂಗಿಯ ಅಂಗಡಿಯಲ್ಲಿ ಯಂತ್ರಗಳು ಕಿರುಚುತ್ತವಂತೆ ಎಂದು ಕೇಳಿದಾಗ ಹಾಲು ಕುಡಿದಷ್ಟು ಸಂತೋಷ.

ಈಚೆಗೆ ಪೇಂಟರ್ ಒಬ್ಬ ಹೆಂಡತಿಯೊಡನೆ ಹೊಸ ಮಾದರಿಯ ಯಂತ್ರ ತಂದ. ಕಿವಿಯಕ್ಕನ ಪ್ರೋಗ್ರಾಮಿಗೆ ಅದರ ಗುರುತೇ ಹತ್ತಲಿಲ್ಲ. ಹಲ್ಲು ಕಚ್ಚಿಕೊಂಡು ತಂಗಿ ಹಂಚಿದ್ದನ್ನು ಇಳಿಸಿಕೊಂಡರು. ಎಲ್ಲಿಯವರೋ ಪುಣ್ಯಾತ್ಮರು ಆ ಮಾದರಿಯನ್ನು ಅದರಲ್ಲಿ ಸೇರಿಸಿದ್ದರು! ಯಂತ್ರ ಮಾತು ಕೇಳಿತು, ಆದರೆ ಕಿರುಚಿತು. ಬಚ್ಚಿಟ್ಟ ಭಾಗವನ್ನು ಜೋಡಿಸಿದ ಮೇಲೆ ಸುಮ್ಮನಾಯಿತು.

“ಕೇಳುಸ್ತಾ, ಕಿವುಡಪ್ಪಾ?” ಎಂದಳು ಹೆಂಡತಿ.

“ಬಯ್ಯೇ, ಇನ್ನೊಂದ್ಸಲ ಬಯ್ಯಿ!” ಎಂದು ಪೇಂಟರ್ ಕಣ್ಣೊರೆಸಿಕೊಂಡ.

ಅವರು ಹೋದ ಮೇಲೆ ಕಿವಿಯಕ್ಕ ತಾವಾಗಿ ತಂಗಿಗೆ ಫೋನ್ ಮಾಡಿದರು. “ಶಿಳ್ಳೆ ನಿಲ್ಸೋದು ಕಳಿಸ್ತಿದೀನಿ. ಎಲ್ರಿಗೂ ಕೊಡು.”

“ಇಷ್ಟು ದಿನ ನಿನ್ನ ಹತ್ರಾನೇ ಇತ್ತಾ? ಕಿರುಚಾಟ ತಡೀಲಾರ್ದೆ ಜನ ಯಂತ್ರ ಕಿತ್ತು ಡಬ್ಬೀಲಿಟ್ರಲ್ಲೇ ಅಕ್ಕಾ!”

ತಂಗಿ ವಾರವಿಡೀ ಮುನಿಸಿಕೊಂಡಿದ್ದಳು. ಆದರೂ ಕಳಿಸಿದ್ದನ್ನು ಅಂದೇ ಎಲ್ಲರಿಗೂ ಹಂಚಿದಳು.

ಹೊಟ್ಟೆಕಿಚ್ಚು ತಣ್ಣಗಾಯಿತೇ ಎಂದರೆ ಕಿವಿಯಕ್ಕ ಅಡ್ಡಡ್ಡ ತಲೆಯಾಡಿಸುತ್ತಾರೆ. “ಎಲ್ಲಿ? ಅವಳನ್ನ ಹೊಗಳಿದ್ರೆ ಈಗ್ಲೂ ಎದೆ ಚುರ್ ಅನ್ನುತ್ತೆ. ಒಂದೇ ಆಸೆ. ಯಾರಾದ್ರೂ ಒಬ್ರು, ‘ಇದನ್ನ ಬರೆದೋರು ಯಾರಮ್ಮಾ’ ಅಂತ ಅವಳನ್ನೇ ಕೇಳ್ಬೇಕು. ‘ನಮ್ಮಕ್ಕ’ ಅಂತ ಅವಳು ಹೇಳೋವಾಗ ನಾನು ಪಕ್ಕದಲ್ಲಿರ್ಬೇಕು.”