ಧೂಪ ತಾಗಿದ ಇಂಜಿನ್ನು

ಹಂಗಾರಕಟ್ಟೆಗೆ ಬಂದ ಮೊದಲ ಬೆಳಿಗ್ಗೆ ಹೊಳೆಯ ಕಡೆಯಿಂದ ಬೋಂಡಾ ಕರಿದ ವಾಸನೆ. ಯಾರ ಮನೆಯ ತಿಂಡಿಯೆಂದು ಕಿಟಕಿ ತೆರೆದರೆ, ಐ ಸೇ, ಅದು ಮೀನಿನ ಬೋಟಿನ ಹೊಗೆ!

ನನಗಿಂತ ಮೊದಲೇ ಬಂದಿದ್ದ ತಂಗಿಯ ಮಗಳು ಅನುಪಮಾ ನಕ್ಕಳು. ಹೋಟೆಲುಗಳಲ್ಲಿ ಕರಿದುಳಿದ ಎಣ್ಣೆಯಿಂದ ಮಾಡಿದ ಬಯೋಡೀಸೆಲನ್ನು ಡೀಸೆಲ್ಲಿಗೆ ಬೆರೆಸಿದರೆ ಹೊಗೆಯಲ್ಲಿ ಮಸಿಯ ಕಣ ಎಷ್ಟು ಕಡಿಮೆಯಾಗುತ್ತದೆಂದು ಅಳೆಯುವುದು ಅವಳ ಕೆಲಸ. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಅಲ್ಲೇ ಕೆಮಿಸ್ಟ್ರಿ ಕಲಿಸಿ ರಿಟೈರ್ ಆಗಿ, ಅವಳಿಗೆ ಜೊತೆಯಾಗಲು ಬಂದವಳು. ಹೊಗೆ ಹಾಯಿಸುವ ಮುಂಚೆ ಒಮ್ಮೆ, ಆಮೇಲೊಮ್ಮೆ ಬಿಳಿ ಫಿಲ್ಟರ್ ಪೇಪರ್ ತೂಗುವುದು ನನ್ನ ಪಾಲಿಗೆ ಬಂತು.

ಮೈಸೂರಿನಲ್ಲಿ ನೆಂಟರೂ ಫೋನ್ ಮಾಡಿಯೇ ಬರುತ್ತಾರೆ. ಇಲ್ಲಿ ಬೋಟಿನ ಯಜಮಾನ ಶೀನನ ಹೆಂಡತಿ ಗುಲಾಬಿ ಸೀದಾ ಅಡುಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆಯುತ್ತಾಳೆ: "ಟೀಚರಮ್ಮ, ಸಾರಂಗೆ ಖಾರವೇ ಇಲ್ಲೆ! ಎಂತ, ಜ್ವರ ಬಂದವ್ರಿಗಾ?"

ಅಷ್ಟರಲ್ಲಿ ಫಲಿತಾಂಶ ತಿರುಗಿಬಿತ್ತು. ಬೆರಕೆ ಎಣ್ಣೆ ಉರಿಸಿದ ದಿನಗಳ ಪೇಪರೇ ಹೆಚ್ಚು ಭಾರ! ಶೀನ ಮುಖ ಗಂಟು ಹಾಕಿದ. "ಹೊಗಿ ಕಮ್ಮಿ ಆತ್ತ್ ಅಂದ್ರಿ. ನಂಗಿದ್ ಬ್ಯಾಡ ಮರಾಯ್ರೆ." ಒಪ್ಪಿದ್ದು ಅವನ ಬೋಟೊಂದೇ. ಅವನು ಬಿಟ್ಟರೆ ಅನುಪಮಾಳ ಕೆಲಸ ನಿಂತಂತೆ, ನಾವಿಬ್ಬರೂ ಮೈಸೂರಿಗೆ ವಾಪಸ್. ನನಗೆ ಒಳಗೊಳಗೇ ಖುಷಿಯಾಯಿತು, ಬೈಯಬೇಡಿ.

ಆ ಭಾರದ ಪೇಪರನ್ನು ಡಬ್ಬಿಗೆ ಹಾಕುವಾಗ ಮೂಗಿಗೊಂದು ಪರಿಚಿತ ವಾಸನೆ ಬಡಿಯಿತು. ನಮ್ಮ ಕಾನ್ವೆಂಟ್ ಚಾಪೆಲ್‌ನಲ್ಲಿ ಹಬ್ಬದ ದಿನ ಹಾಕುತ್ತಿದ್ದ ಧೂಪದ್ದು. ಹೇಳಿದರೆ ಇಲ್ಲೇ ಉಳಿಯಬೇಕಾದೀತೆಂದು ಸಂಜೆಯವರೆಗೂ ಬಾಯಿ ಬಿಡಲಿಲ್ಲ. ರೀಡಿಂಗ್ ತಿದ್ದಬೇಡಿ ಎಂದು ಹುಡುಗಿಯರನ್ನು ಗದರಿಸಿದವಳು ನಾನು. ಸುಮ್ಮನಿರುವುದೂ ತಿದ್ದಿದಂತೆಯೇ ಅಲ್ಲವೇ? ಮರುದಿನ, ಬೋಟಿನಲ್ಲಿ ಧೂಪ ಹಾಕುತ್ತೀಯಾ ಎಂದು ಗುಲಾಬಿಯನ್ನು ಕೇಳಿಯೇಬಿಟ್ಟೆ.

"ಮತ್ತೆ? ಹೋಟೆಲ್ ಎಣ್ಣಿ! ಅದ್ರಂಗೆ ಎಂತೆಂತ ಕರ್ದಿರೋ ಯಾರಿಗ್ ಗೊತ್ತ್? ನಾವ್ ಹೂ ಏರ್ಸು ಇಂಜಿನ್ ಅದ್. ಆ ಎಣ್ಣಿ ಹಾಕು ದಿನ ಧೂಪ ಹಾಕಿ ಶುದ್ಧ ಮಾಡ್ತೆ."

ಪೇಪರಿಗೆ ಹೊಗೆ ಹಾಯಿಸುವ ನಮ್ಮ ಕೊಳವೆ ಹೊಗೆಯ ಜೊತೆಗೆ ಇಂಜಿನ್ ಪಕ್ಕದ ಗಾಳಿಯನ್ನೂ ಹೀರುತ್ತದೆ. ಅನುಪಮಾ ತಲೆಯ ಮೇಲೆ ಕೈ ಹೊತ್ತಳು. "ದೊಡ್ಡಮ್ಮ, ಇಷ್ಟು ದಿನ ತೂಗಿದ್ದು ಧೂಪಾನಾ!"

ಧೂಪ ಬೇಡವೆನ್ನುವ ಧೈರ್ಯ ನಮಗಿಲ್ಲ. ಮುಚ್ಚಳ ಬಿಗಿದ ಕ್ಯಾನಿಗೆ ಮನೆಯಂಗಳದಲ್ಲೇ ಧೂಪ ತೋರಿಸಿ ಬೋಟಿಗೆ ತರುವುದೆಂದು ಗುಲಾಬಿಯನ್ನು ಒಪ್ಪಿಸಿದೆವು. ಮತ್ತೆ ಮೊದಲಿಂದ ತೂಗಿದೆವು. ಈ ಸಲ ಬೆರಕೆ ಎಣ್ಣೆಯ ಪೇಪರೇ ಹಗುರ. ಶೀನ ಅದನ್ನು ಬೆಳಕಿಗೆ ಹಿಡಿದು ನೋಡಿ ಒಪ್ಪಿದ. "ಆಯ್ತ್, ಇನ್ನೊಂದ್ ವರ್ಷ ಕಾಂಬ."

ಅಂದು ಮಧ್ಯಾಹ್ನ ನನ್ನ ಮೈಸೂರಿನ ಮನೆಯ ಬಾಡಿಗೆಯವರಿಗೆ ಫೋನ್ ಮಾಡಿ, ಇನ್ನೊಂದು ವರ್ಷ ಇರಿ ಎಂದೆ. ಸಂತೋಷವಾಗಿಯೇ ಹೇಳಿದೆ.

"ನೀವು ಬೀಗ ಹಾಕಿರೋ ರೂಮನ್ನೂ ಬಳಸಬಹುದಾ ಆಂಟಿ?"

"ಅದೊಂದು ಬೇಡಮ್ಮ, ನಾನು ವಾಪಸ್ ಬಂದಾಗ ಬೇಕು," ಎಂದೆ.