ಬೊಮ್ಮಲಿಂಗಪ್ಪನ ಒಲೆಯ ಬಾಯಿ

ನನ್ನಿವಾಳದ ಬೊಮ್ಮಲಿಂಗಪ್ಪನಿಗೆ ಬಚ್ಚಲ ಒಲೆಗೆ ಜಾಲಿ ಕಟ್ಟಿಗೆ ತುರುಕುವುದೆಂದರೆ ಪ್ರಾಣ. ಮಗಳು ಲಕ್ಷ್ಮಕ್ಕ ಚೊಚ್ಚಲ ಬಾಣಂತನಕ್ಕೆ ಬಂದಮೇಲಂತೂ ಕೇಳುವುದೇ ಬೇಡ. ಉರಿ ತಗ್ಗಿದರೆ ಅಪ್ಪನ ಪ್ರೀತಿ ತಗ್ಗಿತೆಂದು ಊರು ಆಡಿಕೊಂಡೀತೆಂಬ ಅಂಜಿಕೆ ಅವನಿಗೆ. ಅವನು ಹಂಡೆ ಕಾಯಿಸಿದರೆ ಮೇಲೆ ಹಾರುವ ಕಾಗೆ ಪುಕ್ಕ ಉದುರಿ, ಹದವಾಗಿ ಬೆಂದು ಅಂಗಳಕ್ಕೆ ಬೀಳುತ್ತಿತ್ತು. ಉಪ್ಪು ಹಾಕುವುದಷ್ಟೇ ಬಾಕಿ.

ಬಾಣಂತಿಯ ನೀರಿಗೆ ತಣ್ಣೀರು ಬೆರೆಸಬಾರದೆಂಬುದು ಹೆಂಡತಿ ಯರ್ರಮ್ಮನ ಕಟ್ಟಪ್ಪಣೆ. ಕುದಿ ಇಳಿಯಲೆಂದು ಕಾದರೆ ಕೂಸು ಅಳುತ್ತಿತ್ತು. ಕೂಸನ್ನು ಮಲಗಿಸಿ ಬಂದರೆ ಕಟ್ಟಿಗೆ ಉರಿದು ಬೂದಿಯಾಗಿ ನೀರು ತಣ್ಣಗಾಗಿರುತ್ತಿತ್ತು.

"ಅಪ್ಪಾ, ನಾಳೆ ಗಾಡಿ ಕಟ್ಟು, ಗಂಡನ ಮನೆಗೇ ಹೋಗ್ತೀನಿ. ನಮ್ಮತ್ತೆ ಬೈತಾಳೆ, ಆದ್ರೆ ಬೇಯಿಸಾದಿಲ್ಲ!" ಎಂದಳು ಲಕ್ಷ್ಮಕ್ಕ.

ತಿಂಗಳು ತುಂಬದ ಬಾಣಂತಿ ಹೊರಟರೆ ಮಾನ ಉಳಿದೀತೇ? ಮರುದಿನ ಬೆಳಿಗ್ಗೆ ಅದೇ ಚಿಂತೆಯಲ್ಲಿ ಕಟ್ಟಿಗೆ ತುರುಕುವಾಗ, ಪಕ್ಕಕ್ಕೆ ಒರಗಿಸಿದ್ದ ಚಪ್ಪಡಿ ಕಲ್ಲು ಜಾರಿ ಒಲೆಯ ಬಾಯಿ ಮುಕ್ಕಾಲು ಮುಚ್ಚಿತು. ಬೆಂಕಿ ಸತ್ತಿತೆಂದು ಬಗ್ಗಿ ನೋಡಿದರೆ ಕೆಂಡ ಜೀವಂತ! ನೀರು ಕುದಿಯುತ್ತಲೂ ಇಲ್ಲ, ಆರುತ್ತಲೂ ಇಲ್ಲ.

"ಇದೇನ್ಲೇ ಮಾಯ!" ಎಂದು ಕಲ್ಲನ್ನೇ ಕೇಳಿ, ಬೆರಳಷ್ಟು ಸರಿಸಿದ, ಉರಿ ಎದ್ದಿತು. ತಳ್ಳಿದ, ತಗ್ಗಿತು. ಮತ್ತೆ ಸರಿಸಿದ, ಮತ್ತೆ ತಳ್ಳಿದ, ಹಂಡೆಗೆ ಮೊಣಕೈ ಅದ್ದಿ ನೋಡಿದ, ಹಿತವಾದ ಬಿಸಿ. ತಂದಿಟ್ಟ ಕಟ್ಟಿಗೆ ಹೊರೆಯಲ್ಲಿ ಅರ್ಧ ಹಾಗೇ ಉಳಿದಿತ್ತು.

"ಈ ಮನ್ಯಾಗೆ ಕೂಸು ಯಾರವ್ವಾ?" ಎಂದು ಗಂಡನ ಆಟ ನೋಡಿದ ಯರ್ರಮ್ಮ ಮಗಳನ್ನು ಕೇಳಿದಳು.

ಲಕ್ಷ್ಮಕ್ಕ ಕೂಸನ್ನು ಮಲಗಿಸಿ ನಿಧಾನವಾಗಿ ಬಚ್ಚಲಿಗೆ ಬಂದು ಕೂತಳು. ಯರ್ರಮ್ಮ ಮೊದಲ ತಂಬಿಗೆ ಹೊಯ್ದಳು. ಚೀರಾಟವಿಲ್ಲ, ನಡುಕವಿಲ್ಲ.

"ಅಪ್ಪಾ," ಒಳಗಿನಿಂದ ದನಿ ಬಂತು, "ಗಾಡಿ ಕಟ್ಬ್ಯಾಡ. ಆ ಕಲ್ಲನ್ನೂ ಮುಟ್ಬ್ಯಾಡ!"